ಹಾರ್ಗಿ ಟೈಮ್ ಮತ್ತು ಅಪ್ಪನ ಇಂಗ್ಲಿಷ್

ನಮ್ಮ ಮನೆಯಲ್ಲಿ ದಿನನಿತ್ಯದ ಸಂಗತಿಗಳಿಗೂ ಫುಟ್‌ಬಾಲ್ ಮ್ಯಾನೇಜರುಗಳ ಹೆಸರಿತ್ತು. ಬಚ್ಚಲಿಗೆ ಹೋದವರು ಹೊರಗೆ ಬರಲು ತಡಮಾಡಿದರೆ ಅದು ‘ಹಾರ್ಗಿ ಟೈಮ್’. ಅಮ್ಮ ಸೋಫಾವನ್ನು ಕಿಟಕಿಯ ಹತ್ತಿರದಿಂದ ಗೋಡೆಯ ಹತ್ತಿರಕ್ಕೆ, ಮತ್ತೆ ಗೋಡೆಯ ಹತ್ತಿರದಿಂದ ಕಿಟಕಿಗೆ ಎಳೆದರೆ ಅದು ‘ವಿಟ್ಲರ್ ಮಾಡುವುದು’. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ತಟ್ಟೆ ನೋಡುತ್ತ ಕುಳಿತರೆ ‘ಲೋಬೋಬಾಲ್’. ಹನ್ನೊಂದು ವರ್ಷ ತುಂಬುವವರೆಗೆ ಇವೆಲ್ಲ ಅಪ್ಪಟ ಇಂಗ್ಲಿಷ್ ಶಬ್ದಗಳೆಂದೇ ನಾನು ನಂಬಿದ್ದೆ. ಹಾಗೆ ನಂಬಿ ಮೋಸಹೋದೆನೆಂಬ ಸಿಟ್ಟಿನಲ್ಲಿ ಆಮೇಲೆ ಒಂದು ಕೆಲಸ ಮಾಡಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿರುವುದು. ಆ ಮ್ಯಾನೇಜರುಗಳು ನಿಜವಾಗಿಯೂ ಇದ್ದವರು, ತಂಡಗಳನ್ನು ಆಡಿಸಿ ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು ಮಾಡಿದವರು. ಅವರ ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ, ಏಕೆಂದರೆ ಇದು ಅವರ ಕಥೆಯಲ್ಲ. ದುಬೈಯ ಅಲ್ ಕುಸೈಸಿನಲ್ಲಿ ನಾಲ್ಕನೇ ಮಹಡಿಯ ಒಂದು ಫ್ಲ್ಯಾಟಿನಲ್ಲಿ ಬಚ್ಚಲ ಬಾಗಿಲು ತಟ್ಟುವಾಗ ತಮ್ಮ ಹೆಸರು ಕೂಗುತ್ತಿದ್ದರೆಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅಪ್ಪ ಬರ್ ದುಬೈಯ ಹೋಟೆಲೊಂದರ ಪಬ್ಬಿನಲ್ಲಿ ವೇಟರ್ ಆಗಿದ್ದರು. ನಾಲ್ಕೂ ಗೋಡೆಗೆ ಟಿವಿ ಹಾಕಿದ ಪಬ್ ಅದು. ದುಬೈಯಲ್ಲಿ ಕೆಲಸಕ್ಕಿರುವ ಇಂಗ್ಲಿಷರು ತಮ್ಮ ಊರಿನ ಪಂದ್ಯ ನೋಡಲು ಅಲ್ಲಿಗೆ ಬರುತ್ತಿದ್ದರು. ಅಪ್ಪನ ಹೆಸರು ಆನಂದ. ಅಲ್ಲಿ ಅವರೆಲ್ಲ ಅದನ್ನು ಆ್ಯಂಡಿ ಮಾಡಿಕೊಂಡಿದ್ದರು. ಕಾರ್ಕಳದ ಕಡೆಯ ಕನ್ನಡ ಶಾಲೆಯಲ್ಲಿ ಒಂಬತ್ತನೇ ತರಗತಿಯವರೆಗೆ ಓದಿ, ಮುಂಬೈಯ ಕ್ಯಾಂಟೀನುಗಳಲ್ಲಿ ಲೋಟ ತೊಳೆದು, ಅಲ್ಲಿಂದ ಇಲ್ಲಿಗೆ ಬಂದ ಅಪ್ಪನಿಗೆ ಇಂಗ್ಲಿಷ್ ಕಲಿಸಿದ್ದು ಯಾವ ಮೇಷ್ಟರೂ ಅಲ್ಲ, ಆ ಪಬ್ಬಿನ ಗಿರಾಕಿಗಳು. ಅಮ್ಮ ಅಲ್ ನಹ್ದಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹಿಂದಿ, ಮಲಯಾಳ, ಮುರುಕು ಅರಬ್ಬಿ ಎಲ್ಲ ಆಡುತ್ತಿದ್ದಳು, ಒಂದರ ಬಗ್ಗೆಯೂ ಅವಳಿಗೆ ಹೆಮ್ಮೆ ಇರಲಿಲ್ಲ. ಅಪ್ಪನ ಮನೆಮಾತು ತುಳು, ಅಮ್ಮನದು ಕುಂದಾಪುರದ ಕನ್ನಡ. ಮದುವೆಯಾದ ಮೇಲೆ ಇಬ್ಬರೂ ಕನ್ನಡಕ್ಕೆ ಒಪ್ಪಿಕೊಂಡಿದ್ದರು, ಆದರೆ ತಂತಮ್ಮ ಕನ್ನಡಕ್ಕೆ. ನಾನು ಇಬ್ಬರಿಗೂ ಅರ್ಧ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಒಂದು ಮಲಗುವ ಕೋಣೆ, ಒಂದು ಹಾಲ್, ಮೀನು ಕರಿಯಲು ಬಾಲ್ಕನಿ, ಮೂವರಿಗೆ ಒಂದು ಬಚ್ಚಲು. ಗೀಸರಿನ ಸ್ವಿಚ್ಚು ಹೊರಗಡೆ ಇತ್ತು. ಒಳಗಿದ್ದವರು ತಡಮಾಡಿದರೆ ಹೊರಗಿದ್ದವರು ಅದನ್ನು ಆರಿಸುವುದು, ಒಳಗಿನಿಂದ ಕಿರುಚಾಟ, ಹೀಗೆ ನಮ್ಮ ಬೆಳಗುಗಳು ಶುರುವಾಗುತ್ತಿದ್ದವು.

ಶುಕ್ರವಾರ ನನಗೂ ಅಮ್ಮನಿಗೂ ರಜೆ. ಅಪ್ಪನಿಗೆ ಅದೇ ಹೆಚ್ಚು ಕೆಲಸದ ದಿನ. ಎರಡೂವರೆಗೆ ಹೋಟೆಲಿನ ವ್ಯಾನು ಬರುವುದರಿಂದ ಹನ್ನೆರಡೂವರೆಗೆಲ್ಲ ನಮ್ಮ ಊಟ. ಹಣ್ಣುಗಳ ಚಿತ್ರವಿದ್ದ ಪ್ಲಾಸ್ಟಿಕ್ ಹಾಸಿನ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ. ಊಟದ ನಡುವೆ ಅಪ್ಪ ಅಂಗಿಯ ಜೇಬಿನಿಂದ ಪ್ಯಾಡ್ ತೆಗೆಯುತ್ತಿದ್ದರು. ಗಿರಾಕಿಗಳ ಆರ್ಡರ್ ಬರೆದುಕೊಳ್ಳುವ ಅಂಗೈ ಅಗಲದ ಪ್ಯಾಡ್ ಅದು. ಅದರ ಹಿಂಬದಿಯ ಹಾಳೆಗಳಲ್ಲಿ ವಾರವೆಲ್ಲ ಕೇಳಿದ ಹೊಸ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥವನ್ನೂ ಕನ್ನಡದಲ್ಲೇ ಬರೆದಿರುತ್ತಿದ್ದರು. ಹಾರ್ಗಿ ಟೈಮ್ ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ.

“ಹಾರ್ಗನ್ ಅಂತ ಒಬ್ಬ ಮುದುಕ ಮ್ಯಾನೇಜರ್ ಇದ್ದಾನೆ,” ಅಪ್ಪ ಶುರುಮಾಡಿದರು. “ತೊಂಬತ್ತು ನಿಮಿಷ ಮುಗಿದ ಮೇಲೆ ರೆಫ್ರಿ ಮೂರೋ ನಾಲ್ಕೋ ನಿಮಿಷ ಜಾಸ್ತಿ ಕೊಡ್ತಾನೆ. ಆಗ ಇವ ಗೆರೆ ಹತ್ರ ನಿಂತು ವಾಚ್ ತೋರಿಸುದು. ಇವನ ಟೀಮ್ ಸೋಲ್ತಾ ಇದ್ರೆ ನಿಮಿಷ ಇನ್ನೂ ಜಾಸ್ತಿ ಸಿಗ್ತದೆ ಅಂತ ಉಳಿದವರಿಗೆ ಹೊಟ್ಟೆಯುರಿ. ಅದಕ್ಕೇ ಹಾರ್ಗಿ ಟೈಮ್. ನಿನ್ನೆ ಬಾರ್ ಮುಚ್ಚುವ ಹೊತ್ತಿಗೆ ಒಬ್ಬ ಹೇಳ್ತಾನೆ, ಆ್ಯಂಡಿ, ಸ್ವಲ್ಪ ಹಾರ್ಗಿ ಟೈಮ್ ಕೊಡು ಅಂತ.”

“ನೀವ್ ಎಂತ ಹೇಳಿದ್ರಿ?” ಅಮ್ಮ ಕೇಳಿದಳು.

“ಸರ್, ನೀವು ಹಾರ್ಗನ್ ಅಲ್ಲ, ನಿಮ್ಮ ಟೀಮೂ ಗೆದ್ದಾಯ್ತು, ಮನೆಗೆ ಹೋಗಿ ಅಂದೆ. ಇಡೀ ಟೇಬಲ್ ನಕ್ಕಿತು. ನಕ್ಕುಕೊಂಡೇ ಎದ್ದು ಹೋದರು.”

ಹೀಗೆ ಹೇಳುವಾಗ ಅಪ್ಪನ ಮುಖಕ್ಕೆ ಬರುತ್ತಿದ್ದ ಕಳೆ ಬೇರೆ ಯಾವಾಗಲೂ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಹಿಂದೆ ನಿಲ್ಲುವವರು. ಪಬ್ಬಿನಲ್ಲಿ ಮಾತ್ರ ಇಂಗ್ಲಿಷರನ್ನು ಅವರದೇ ಮಾತಿನಲ್ಲಿ ನಗಿಸಿ ಮನೆಗೆ ಕಳಿಸುತ್ತಿದ್ದರು. ವಿಟ್ಲರ್ ಎಂಬ ಮ್ಯಾನೇಜರು ಗೆದ್ದ ತಂಡವನ್ನೂ ಮುಂದಿನ ವಾರ ಬದಲಿಸುತ್ತಿದ್ದನಂತೆ. ಸರಿಯಿದ್ದದ್ದನ್ನು ಕೆದಕಿ ಕೆಡಿಸುವುದಕ್ಕೆ ಅವನ ಹೆಸರೇ ಕ್ರಿಯಾಪದವಾಗಿತ್ತು. ಅಮ್ಮ ಅದನ್ನು ಕೇಳಿ, ನಮ್ಮ ಮಂಗಳೂರು ಕಡೆಯ ವಿಟ್ಲ ಪೇಟೆಯನ್ನು ನೆನೆದು, “ಅವ ವಿಟ್ಲದವ್ನಾ?” ಅಂದಿದ್ದಳು. ಅಪ್ಪ ಅನ್ನ ನೆತ್ತಿಗೇರುವಷ್ಟು ನಕ್ಕರು. ಮರುದಿನ ಆ ಮಾತನ್ನು ಪಬ್ಬಿನಲ್ಲಿ ಇಂಗ್ಲಿಷರಿಗೂ ವಿವರಿಸಲು ಹೋಗಿ ಸೋತು ಬಂದರು.

ಲೋಬೋಬಾಲ್ ಮಾತ್ರ ನಮಗೆ ಜಗಳ ತಂದಿತು. ಪೋರ್ಚುಗಲ್ಲಿನಿಂದ ಬಂದ ಲೋಬೋ ಎಂಬ ಮ್ಯಾನೇಜರು ತನ್ನ ಆಟಗಾರರನ್ನೆಲ್ಲ ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲಿಸಿಬಿಡುತ್ತಿದ್ದನಂತೆ. ಗೆಲ್ಲದಿದ್ದರೂ ಚಿಂತೆಯಿಲ್ಲ, ಸೋಲಬಾರದು, ಎದುರಿನವನಿಗೆ ಏನನ್ನೂ ಕೊಡಬಾರದು. ಅಪ್ಪ ಇದನ್ನು ಹೇಳಿದ ವಾರವೇ ಎದುರು ಫ್ಲ್ಯಾಟಿನ ಹಿಲ್ಡಾ ಆಂಟಿ ನಮ್ಮಿಂದ ತೆಗೆದುಕೊಂಡು ಹೋದ ಇಡ್ಲಿ ಪಾತ್ರೆಯನ್ನು ವಾಪಸು ಕೊಡದೆ ದಿನ ತಳ್ಳುತ್ತಿದ್ದರು. ಹಿಲ್ಡಾ ಆಂಟಿ ಶಿರ್ವದ ಕಡೆಯವರು, ಅವರ ಅಡ್ಡಹೆಸರೂ ಲೋಬೋ. ಅಮ್ಮ ನನ್ನನ್ನು ಪಾತ್ರೆ ತರಲು ಕಳಿಸಿದಾಗ, ಎಂಟು ವರ್ಷದ ನಾನು ಬಾಗಿಲಲ್ಲಿ ನಿಂತು, “ಆಂಟಿ, ಲೋಬೋ ಮಾಡ್ಬೇಡಿ ಅಂತೆ, ಪಾತ್ರೆ ಕೊಡಬೇಕಂತೆ,” ಅಂದುಬಿಟ್ಟೆ. ಆಂಟಿ ಆ ಪಾತ್ರೆಯನ್ನು ಅಮ್ಮನ ಕೈಗೇ ತಂದುಕೊಟ್ಟರು.

“ನಮ್ಮ ಮನೆತನದ ಹೆಸರು ನಿಮಗೆ ಬೈಗುಳ ಆಯ್ತಲ್ಲ,” ಎಂದಷ್ಟೇ ಹೇಳಿ ಹೋದರು.

ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಬರುತ್ತಿದ್ದ ಕುಸ್ವಾರು ತಿಂಡಿಗಳ ತಟ್ಟೆ ಆ ವರ್ಷ ಬರಲಿಲ್ಲ. ಅಮ್ಮ ಎರಡು ಸಲ ಹೋಗಿ ವಿವರಿಸಿದಳು. ಯಾವುದೋ ದೇಶದ ಫುಟ್‌ಬಾಲ್ ಮ್ಯಾನೇಜರಿನ ಹೆಸರದು ಎಂಬುದನ್ನು ಯಾರು ತಾನೇ ನಂಬುತ್ತಾರೆ? ಅಪ್ಪ ಪ್ಯಾಡ್ ಹಿಡಿದುಕೊಂಡು ಹೋಗಿ ಆ ಹಾಳೆಯನ್ನೇ ತೋರಿಸಿದರು. ಅದು ಕನ್ನಡದಲ್ಲಿತ್ತು, ಆಂಟಿಗೆ ಕನ್ನಡ ಓದಲು ಬರುತ್ತಿತ್ತು, ಅರ್ಥದ ಜಾಗದಲ್ಲಿ ‘ಏನನ್ನೂ ಬಿಟ್ಟುಕೊಡದವ’ ಎಂದು ಬರೆದಿತ್ತು. ಮಾತು ಅಲ್ಲಿಗೇ ನಿಂತಿತು. ಆ ದಿನ ಅಮ್ಮ ಮೊದಲ ಬಾರಿ ಅಪ್ಪನಿಗೆ ಗದರಿದ್ದು ಕೇಳಿದೆ.

“ಹ್ವಾಯ್, ಮನ್ಷರ್ ಆಡು ಮಾತಾ ಇದ್? ಪಬ್ಬಿಂದ್ ಪಬ್ಬಗೇ ಬಿಟ್ ಬನಿ.”

ಅಪ್ಪ ಬಿಟ್ಟು ಬರಲಿಲ್ಲ. ನನಗೂ ಬಿಡುವುದು ಬೇಕಿರಲಿಲ್ಲ. ಶಾಲೆಯ ಗೆಳತಿಯರ ಅಪ್ಪಂದಿರು ಎಂಜಿನಿಯರು, ಅಕೌಂಟೆಂಟು. ಅವರು ಇಂಟರ್‌ನೆಟ್ಟಿನಲ್ಲಿ ಹುಡುಕಿದರೂ ಸಿಗದಂಥ ಇಂಗ್ಲಿಷ್ ನನ್ನ ಅಪ್ಪನಿಗೆ ಗೊತ್ತು ಎಂಬ ಗರ್ವ ಒಳಗೊಳಗೇ ಇತ್ತು. ಆದರೆ ಅಪ್ಪ ಕೆಲಸ ಮಾಡುವುದು ಪಬ್ಬಿನಲ್ಲಿ ಎಂದು ನಾನು ಶಾಲೆಯಲ್ಲಿ ಎಂದೂ ಹೇಳಿದವಳಲ್ಲ. ‘ಹೋಟೆಲಿನಲ್ಲಿ’ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಆರನೇ ತರಗತಿಯಲ್ಲಿ ಇಂಗ್ಲಿಷ್ ಮಿಸ್ಸು ತಂದೆಯ ಬಗ್ಗೆ ಒಂದು ಪುಟ ಬರೆಯಲು ಹೇಳಿದರು. ನಾನು ಮನಸ್ಸಿಟ್ಟು ಬರೆದೆ. ನನ್ನ ಅಪ್ಪ ಶಾಲೆಯ ಮೀಟಿಂಗಿಗೆ ಹಾರ್ಗಿ ಟೈಮಿನಲ್ಲಿ ಬರುತ್ತಾರೆ, ಆದರೆ ಬಂದೇ ಬರುತ್ತಾರೆ. ಅಮ್ಮನ ಹಾಗೆ ಮನೆಯನ್ನು ವಿಟ್ಲರ್ ಮಾಡುವುದಿಲ್ಲ. ಏನು ಕೇಳಿದರೂ ಲೋಬೋಬಾಲ್ ಆಡದೆ ಉತ್ತರ ಕೊಡುತ್ತಾರೆ ಎಂದೆಲ್ಲ ಇತ್ತು. ಮಿಸ್ಸು ನೋಟ್‌ಬುಕ್ ಎತ್ತಿ ಇಡೀ ಕ್ಲಾಸಿಗೆ ಓದಿದರು. ಮೊದಲ ವಾಕ್ಯಕ್ಕೇ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಅವರೆಲ್ಲ ಟಿವಿಯಲ್ಲಿ ಫುಟ್‌ಬಾಲ್ ನೋಡುವವರು, ಅವರಿಗೆ ಶಬ್ದ ಗೊತ್ತಿತ್ತು. ಮಿಸ್ಸಿಗೆ ಗೊತ್ತಿರಲಿಲ್ಲ. ಒಬ್ಬ ಎದ್ದು ವಿವರಿಸಿದ ಮೇಲೆ ನನ್ನ ಕಡೆ ತಿರುಗಿದರು.

“ಶ್ರಾವ್ಯಾ, ದಿಸ್ ಈಸ್ ಪಬ್ ಲ್ಯಾಂಗ್ವೇಜ್. ಯಾವ ಡಿಕ್ಷನರಿಯಲ್ಲಿ ಇದೆ ಇದು? ಎಲ್ಲಿ ಕಲಿತೆ?”

ಅವರು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದು. ಅಪ್ಪನ ಕೆಲಸ ಏನೆಂದು ಅವರಿಗೆ ತಿಳಿದಿರಲಿಲ್ಲ. ನನಗೆ ಮಾತ್ರ ಯಾರೋ ಕ್ಲಾಸಿನ ಮಧ್ಯೆ ಅಪ್ಪನ ಯೂನಿಫಾರ್ಮು ಎತ್ತಿ ತೋರಿಸಿದ ಹಾಗಾಯಿತು. ಮಿಸ್ಸು ಹತ್ತಕ್ಕೆ ಮೂರು ಅಂಕ ಕೊಟ್ಟು, ಮೂರೂ ಶಬ್ದಗಳಿಗೆ ಕೆಂಪು ಸುತ್ತು ಹಾಕಿ ಪುಸ್ತಕ ವಾಪಸು ಕೊಟ್ಟರು.

ಆ ಶುಕ್ರವಾರ ಊಟಕ್ಕೆ ಮೊದಲೇ ನಾನು ಆ ಪುಟವನ್ನೂ ಶಾಲೆಯ ಡಿಕ್ಷನರಿಯನ್ನೂ ಮೇಜಿನ ಮೇಲೆ ಇಟ್ಟೆ. ಹಾರ್ಗಿ ಹುಡುಕಿ ಎಂದೆ. ಅಪ್ಪ ಬೆರಳಿಟ್ಟು ಒಂದೊಂದೇ ಶಬ್ದ ಓದುತ್ತ ಕೆಳಗಿಳಿದರು. ಮೊಲ ಎಂಬ ಅರ್ಥದ್ದು ಬಂತು, ಹಾನಿ ಎಂಬ ಅರ್ಥದ್ದು ಬಂತು, ನಡುವೆ ಹಾರ್ಗಿ ಇರಲಿಲ್ಲ.

“ಡಿಕ್ಷನರಿ ಬರೆಯುವವ ಮ್ಯಾಚ್ ನೋಡುದಿಲ್ವೋ ಏನೋ,” ಅಪ್ಪ ನಗಲು ನೋಡಿದರು.

“ಇದು ಇಂಗ್ಲಿಷೇ ಅಲ್ಲ. ಇಟ್ಸ್ ಪಬ್ ಲ್ಯಾಂಗ್ವೇಜ್. ಮಿಸ್ ಹೇಳಿದ್ರು.”

“ಮತ್ತೆ ನಾನು ಕೆಲಸ ಮಾಡುದು ಅಲ್ಲೇ ಅಲ್ವಾ ಮಗಾ.”

“ಅದಕ್ಕೇ ಹೇಳ್ತಿರೋದು, ಮನೆಗೆ ತರಬೇಡಿ. ಎಲ್ಲರೂ ನಕ್ಕರು. ನಿಮಗೆ ಸರಿಯಾದ ಇಂಗ್ಲಿಷ್ ಬರುದಿಲ್ಲ, ಬರ್ತದೆ ಅಂತ ತಿಳ್ಕೊಂಡಿದ್ದೀರಿ, ಅಷ್ಟೇ.”

ಅಮ್ಮ ಸೌಟು ಕೆಳಗಿಟ್ಟಳು. ಅಪ್ಪ ಡಿಕ್ಷನರಿಯನ್ನು ಮುಚ್ಚಿ ಬದಿಗಿಟ್ಟರು. ಪ್ಯಾಡು ಆ ದಿನ ಜೇಬಿನಿಂದ ಹೊರಗೆ ಬರಲಿಲ್ಲ. ನಾನು ಗೆದ್ದೆನೆಂದುಕೊಂಡು ಉಂಡೆ.

ಇದಾಗಿ ಕೆಲವು ತಿಂಗಳಿಗೆ ಪಬ್ಬಿನ ಸೂಪರ್‌ವೈಸರು ಕೆಲಸ ಬಿಟ್ಟು ಹೊರಟರು. ಹತ್ತು ಹನ್ನೆರಡು ವರ್ಷ ಅಲ್ಲೇ ತಟ್ಟೆ ಹಿಡಿದು ಓಡಾಡಿದ ಅಪ್ಪನಿಗೆ ಆ ಜಾಗ ಸಿಗಬಹುದೆಂದು ಎಲ್ಲರೂ ಹೇಳುತ್ತಿದ್ದರು. ಅದೇ ಹೊತ್ತಿಗೆ ಹೋಟೆಲಿಗೆ ಹೊಸದಾಗಿ ಒಬ್ಬ ಇಂಗ್ಲಿಷ್ ಮ್ಯಾನೇಜರ್ ಬಂದಿದ್ದ. ಇಂಟರ್‌ವ್ಯೂ ಅವನೂ ಎಚ್‌ಆರ್‌ನ ಒಬ್ಬ ಹೆಂಗಸೂ ಮಾಡುವುದೆಂದಾಯಿತು. ಸೂಪರ್‌ವೈಸರ್ ಆದರೆ ತಟ್ಟೆ ಹೊರುವುದು ತಪ್ಪುತ್ತಿತ್ತು, ಮಂಡಿನೋವಿಗೆ ಆರಾಮ ಸಿಗುತ್ತಿತ್ತು, ವಾರದಲ್ಲಿ ಎರಡು ಸಂಜೆ ಅಪ್ಪ ಮನೆಯಲ್ಲಿರುತ್ತಿದ್ದರು. ಹುಟ್ಟಿದಾಗಿನಿಂದ ನಾನು ಅಪ್ಪನನ್ನು ಸಂಜೆಯ ಹೊತ್ತು ಮನೆಯಲ್ಲಿ ಕಂಡದ್ದೇ ಕಡಿಮೆ. ಅಪ್ಪ ತಾವಾಗಿಯೇ ನನ್ನ ಬಳಿ ಬಂದರು.

“ನನಗೆ ಸರಿ ಇಂಗ್ಲಿಷ್ ಕಲಿಸು ಮಗಾ. ನಿಮ್ಮ ಮಿಸ್ ಒಪ್ಪುವ ಹಾಗಿನದ್ದು.”

ನಾನು ಹನ್ನೆರಡು ವರ್ಷದವಳು, ಹಿಂದೆ ಮುಂದೆ ನೋಡದೆ ಒಪ್ಪಿದೆ. ಇಂಟರ್‌ನೆಟ್ಟಿನಿಂದ ಪ್ರಶ್ನೆಗಳನ್ನು ತೆಗೆದೆ. ಇಪ್ಪತ್ತು ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆದೆ. ‘ಐ ಬಿಲೀವ್ ಇನ್ ಮೇಂಟೇನಿಂಗ್ ಕಾರ್ಡಿಯಲ್ ರಿಲೇಷನ್ಸ್’ ಎಂಬಂಥ ವಾಕ್ಯಗಳು ಅವು. ನಮ್ಮ ಪಠ್ಯದ ಪತ್ರಲೇಖನದ ಪಾಠದಿಂದ ಎತ್ತಿದ್ದು. ಅಪ್ಪ ಬೆಳಗ್ಗೆ ಯೂನಿಫಾರ್ಮು ಇಸ್ತ್ರಿ ಮಾಡುತ್ತ ಅದನ್ನು ಬಾಯಿಪಾಠ ಮಾಡುತ್ತಿದ್ದರು. ಶಾಲೆಯಿಂದ ಬಂದ ಕೂಡಲೇ, ವ್ಯಾನು ಬರುವುದರೊಳಗೆ, ನಾನು ಒಪ್ಪಿಸಿಕೊಳ್ಳುತ್ತಿದ್ದೆ. ಶಾಲೆಯ ಮಿಸ್ಸಿಗಿಂತ ನಾನು ಕೆಟ್ಟವಳಾಗಿದ್ದೆ. ಒಂದು ಶಬ್ದ ತಪ್ಪಿದರೆ ಮೊದಲಿನಿಂದ. ಫುಟ್‌ಬಾಲಿನ ಶಬ್ದ ಬಾಯಿಗೆ ಬಂದರಂತೂ ಹಿಂದಿನ ಪ್ರಶ್ನೆಯನ್ನೂ ಸೇರಿಸಿ ಮೊದಲಿನಿಂದ. ಅಪ್ಪ ಬೆವರುತ್ತಿದ್ದರು. ‘ಕಾರ್ಡಿಯಲ್’ ಎಂಬುದು ಅವರ ಬಾಯಲ್ಲಿ ಪ್ರತಿಸಲ ಒಡೆಯುತ್ತಿತ್ತು. ಅದು ಬಾರಿನಲ್ಲಿ ನೀರಿಗೆ ಬೆರೆಸಿ ಕೊಡುವ ಹಣ್ಣಿನ ರಸದ ಹೆಸರು ಎಂದೇ ಅವರಿಗೆ ಗೊತ್ತಿದ್ದದ್ದು. ಅದನ್ನು ಹೇಳಿದ್ದಕ್ಕೆ, “ಅಪ್ಪ, ಪ್ಲೀಸ್. ಬಾರಿನ ಅರ್ಥ ಇಲ್ಲಿ ಬೇಡ,” ಎಂದಿದ್ದೆ.

ಒಂದು ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು.

“ಹೆಣ್ಣೇ, ಅವ್ರ್ ಬಾಯಂಗೆ ಅವ್ರ್ ಮಾತ್ ಇಪ್ಪುಕ್ ಬಿಡ್. ಅದನ್ನ್ ತೆಗುಕ್ ಹೋಯ್ಬೇಡ.”

“ಅಮ್ಮ, ನಿನಗೆ ಇಂಟರ್‌ವ್ಯೂ ಅಂದ್ರೆ ಗೊತ್ತಿಲ್ಲ.”

“ಇಂಟರ್‌ವ್ಯೂ ಗೊತ್ತಿಲ್ಲೆ. ನಿನ್ ಅಪ್ಪನ್ ಗೊತ್ತಿತ್.”

ಲೋಬೋ ಗಲಾಟೆಯಲ್ಲಿ ಆ ಶಬ್ದಗಳನ್ನು ಬೈದವಳು ಇವಳೇ, ಈಗ ಅವುಗಳ ಪರ ಮಾತಾಡುತ್ತಾಳೆ ಎಂದು ನನಗೆ ರೇಗಿತು. ಇಂಟರ್‌ವ್ಯೂವಿನ ದಿನ ಬೆಳಗ್ಗೆ ಅಪ್ಪ ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾಗ ನಾನು ಕೊನೆಯ ಸಲ ಹೇಳಿದ್ದು ಇಷ್ಟು: ಹಾರ್ಗಿ ಗೀರ್ಗಿ ಅಂತ ಬಾಯಿ ಬಿಡಬೇಡಿ, ಮನೆಗೆ ಬಂದ ಮೇಲೆ ಒಂದೊಂದು ಪ್ರಶ್ನೆಗೂ ಏನು ಹೇಳಿದಿರಿ ಅಂತ ನನಗೆ ಹೇಳಬೇಕು. ಅಪ್ಪ ತಲೆಯಾಡಿಸಿ ಲಿಫ್ಟಿನೊಳಗೆ ಹೋದರು.

ಆ ದಿನ ಕೇಳಿದ್ದಕ್ಕೆ, “ಒಳ್ಳೆದಾಯ್ತು, ಎಲ್ಲ ನೀನು ಬರೆದದ್ದೇ ಹೇಳಿದೆ,” ಎಂದರು. ಒಂದು ವಾರ ಬಿಟ್ಟು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಮ್ಮ ಕ್ಲಿನಿಕ್ಕಿಗೆ ಹೋಗದೆ ಮನೆಯಲ್ಲೇ ಇದ್ದಳು. ಇಬ್ಬರೂ ಅಡುಗೆಮನೆಯಲ್ಲಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ. ಬ್ಯಾಗು ಇಳಿಸದೆ ಹಾಲಿನಲ್ಲೇ ನಿಂತೆ. ಕೆಲಸ ಬೇರೆಯವನಿಗೆ ಹೋಗಿತ್ತು. ಗೋವಾದ ಒಬ್ಬ, ಮೂರು ವರ್ಷದ ಹಿಂದೆ ಅಪ್ಪನೇ ಕೈಹಿಡಿದು ಕಲಿಸಿದವನು.

“ಗಿರಾಕಿ ಎದ್ದು ಹೋಗದಿದ್ರೆ ಎಂತ ಮಾಡ್ತಿ ಅಂತ ಕೇಳಿದ್ರು,” ಅಪ್ಪ ಹೇಳುತ್ತಿದ್ದರು. “ನಾನು ಆ ಕಾರ್ಡಿಯಲ್ ರಿಲೇಷನ್ಸ್ ಹೇಳಿದೆ. ಮಧ್ಯೆ ಮರೆತುಹೋಯ್ತು, ಮತ್ತೆ ಮೊದಲಿಂದ ಹೇಳಿದೆ. ಆ ಮ್ಯಾನೇಜರ್ ಪೆನ್ ಕೆಳಗೆ ಇಟ್ಟ. ನಕ್ಕುಕೊಂಡು ಕೇಳಿದ, ಬಾರಲ್ಲಿ ಎಲ್ಲರಿಗೂ ಹಾರ್ಗಿ ಟೈಮ್ ಹೇಳಿ ಮನೆಗೆ ಕಳಿಸುವ ಆ್ಯಂಡಿ ನೀನೇ ಅಲ್ವಾ ಅಂತ.”

“ನೀವ್?”

“ನೋ ಸರ್ ಅಂದೆ.”

ನಾನು ಒಳಗೆ ನುಗ್ಗಿದೆ. ತಪ್ಪು ಮಾಡಿದವರಿಗೆ ಬರುವ ಸಿಟ್ಟು ನನಗೆ ಬಂದಿತ್ತು, ಆದರೆ ಆಗ ಅದು ನ್ಯಾಯದ ಸಿಟ್ಟೆಂದೇ ನಾನು ತಿಳಿದೆ.

“ನೋ ಅಂತ ಯಾಕೆ ಹೇಳಿದ್ರಿ? ಸುಳ್ಳು ಹೇಳಿ ಅಂತ ನಾನು ಹೇಳಿದ್ನಾ? ಅವರೇ ಕೇಳುವಾಗ ಎಸ್ ಅನ್ನಬೇಕಿತ್ತು.”

“ನೀನೇ ಹೇಳಿದ್ದಲ್ವಾ ಮಗಾ, ಬಾಯಿ ಬಿಡಬೇಡಿ ಅಂತ.”

“ಅಷ್ಟೂ ಗೊತ್ತಾಗುದಿಲ್ವಾ ನಿಮಗೆ?”

ಅಮ್ಮ ನನ್ನ ತೋಳು ಹಿಡಿದು ಹೊರಗೆ ತಂದು ಸೋಫಾದ ಮೇಲೆ ಕೂರಿಸಿದಳು. ಹೊಡೆಯುತ್ತಾಳೆಂದುಕೊಂಡೆ, ಹೊಡೆಯಲಿಲ್ಲ. ಅಪ್ಪ ಯೂನಿಫಾರ್ಮು ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದರು. ಕ್ಷಮಿಸಿ ಎಂಬ ಮಾತು ಆ ದಿನ ನನ್ನ ಬಾಯಿಗೆ ಬರಲಿಲ್ಲ. ಆಮೇಲೆ ಬರುವುದು ಇನ್ನೂ ಕಷ್ಟವಾಯಿತು. ದಿನ ಕಳೆದಂತೆ, ಈಗ ಹೇಳಿದರೆ ಮರೆತದ್ದನ್ನು ನೆನಪಿಸಿದ ಹಾಗಾಗುತ್ತದೆ ಎಂಬ ನೆಪವೂ ಸಿಕ್ಕಿತು.

ಅಲ್ಲಿಂದ ಮುಂದೆ ಅಪ್ಪ ಮನೆಗೆ ಒಂದು ಶಬ್ದವನ್ನೂ ತರಲಿಲ್ಲ. ಶುಕ್ರವಾರದ ಊಟದಲ್ಲಿ ಮೀನು ತಾಜಾ ಇದೆಯೋ, ಎಸಿಯಿಂದ ನೀರು ಸೋರುತ್ತಿದೆಯೋ, ಇಂಥದ್ದೇ ಮಾತು. ನಾನು ಬಚ್ಚಲಿನಲ್ಲಿ ಬೇಕೆಂದೇ ತಡಮಾಡಿ ನೋಡಿದೆ. ಅಪ್ಪ ಬಾಗಿಲು ತಟ್ಟಿ, “ಲೇಟಾಗ್ತದೆ,” ಎಂದಷ್ಟೇ ಹೇಳಿದರು. ಅಮ್ಮ ಪಾಪ, ಒಂದೆರಡು ಸಲ ತಾನೇ ಪ್ರಯತ್ನಿಸಿದಳು. ಫ್ರಿಜ್ಜನ್ನು ಬಾಗಿಲ ಕಡೆ ಸರಿಸಿ, “ಹ್ವಾಯ್, ನಾನ್ ವಿಟ್ಲ ಮಾಡ್ದೆ, ಕಾಣಿ,” ಎಂದಳು. ಅಪ್ಪ ನಕ್ಕರು, ಫ್ರಿಜ್ಜಿನ ವಯರು ಸರಿಯಾಗಿದೆಯೇ ನೋಡಿದರು. ಒಮ್ಮೆ ನಾನು ಧೈರ್ಯ ಮಾಡಿ ಆ ಪ್ಯಾಡು ಎಲ್ಲಿ ಎಂದು ಕೇಳಿದೆ.

“ಅದನ್ನು ಹೊಸ ಸೂಪರ್‌ವೈಸರಿಗೆ ಕೊಟ್ಟೆ. ಕನ್ನಡ ಓದ್ಲಿಕ್ಕೆ ಬರುದಿಲ್ಲ ಅವನಿಗೆ, ಕೂತು ಓದಿ ಹೇಳಿದೆ. ಅವನಿಗೆ ಬೇಕಾಗ್ತದೆ ಅಲ್ವಾ, ಗಿರಾಕಿಗಳ ಹತ್ರ ಮಾತಾಡ್ಲಿಕ್ಕೆ.”

ನನಗೆ ಅಳು ಬರುವಷ್ಟು ಕೋಪ ಬಂತು. ತನ್ನ ಕೆಲಸ ತೆಗೆದುಕೊಂಡವನಿಗೆ ತನ್ನ ಮಾತನ್ನೂ ಕೊಟ್ಟು ಬರುವ ಈ ಮನುಷ್ಯನನ್ನು ಏನು ಮಾಡುವುದು? ಆದರೆ ಬೇಡ ಎಂದು ಮೊದಲು ಎಸೆದವಳು ನಾನು. ಕೇಳುವ ಹಕ್ಕು ನನಗಿರಲಿಲ್ಲ. ಅದು ಗೊತ್ತಿದ್ದದ್ದರಿಂದಲೇ ಕೋಪ ಇಳಿಯಲೂ ಇಲ್ಲ. ಮುಂದಿನ ಮೂರು ನಾಲ್ಕು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಸರಿಯಾದ ಮಾತನ್ನು ಮಾತ್ರ ಆಡಿದೆವು.

ಹತ್ತನೇ ತರಗತಿಯಲ್ಲಿದ್ದಾಗ ಕ್ಲಾಸಿನ ಹುಡುಗನೊಬ್ಬ ಬಸ್ಸಿನಲ್ಲಿ ಫೋನು ಮುಂದೆ ಹಿಡಿದ. ಇಂಗ್ಲೆಂಡಿನ ದೊಡ್ಡ ಡಿಕ್ಷನರಿಯೊಂದು ಫುಟ್‌ಬಾಲಿನ ಶಬ್ದಗಳನ್ನು ಹೊಸದಾಗಿ ಸೇರಿಸಿಕೊಂಡಿತ್ತು. ಅದರಲ್ಲಿ ಕೆಲವು ಪ್ರಸಿದ್ಧ ಮ್ಯಾನೇಜರುಗಳ ಹೆಸರಿನಿಂದ ಹುಟ್ಟಿದವು. ಪಟ್ಟಿಯಲ್ಲಿ ಹಾರ್ಗಿ ಟೈಮ್ ಇತ್ತು. ಆರನೇ ಕ್ಲಾಸಿನಲ್ಲಿ ನಕ್ಕವರಲ್ಲಿ ಅವನೂ ಒಬ್ಬ. ನಾನು ಅದನ್ನು ನಮ್ಮ ಕಟ್ಟಡದ ಕೆಳಗಿನ ಟೈಪಿಂಗ್ ಸೆಂಟರಿನಲ್ಲಿ ಪ್ರಿಂಟ್ ಮಾಡಿಸಿದೆ. ವೀಸಾ ಫಾರ್ಮು ಮಾತ್ರ ಪ್ರಿಂಟ್ ಮಾಡುವ ಅವರು ಎರಡೆರಡು ಸಲ ನೋಡಿ ಕೊಟ್ಟರು. ಮರುದಿನ ಅದೇ ಇಂಗ್ಲಿಷ್ ಮಿಸ್ಸಿಗೆ ತೋರಿಸಿದೆ. ನಾಲ್ಕು ವರ್ಷದ ಹಿಂದಿನ ಆ ಪುಟ ಅವರಿಗೆ ನೆನಪೇ ಇರಲಿಲ್ಲ.

“ಇಂಟರೆಸ್ಟಿಂಗ್,” ಎಂದರು. “ಬಟ್ ಇನ್ ದ ಬೋರ್ಡ್ ಎಕ್ಸಾಮ್, ಡೋಂಟ್ ರೈಟ್ ಇಟ್.”

ಶುಕ್ರವಾರ ಊಟದ ಹೊತ್ತಿಗೆ ಹಾಳೆಯನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟೆ. ಅಪ್ಪ ಕೈತೊಳೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದರು. ಓದಿ ಮುಗಿಸಿ ಮತ್ತೆ ಮೇಲಿನ ಸಾಲಿಗೆ ಹೋದರು.

“ಸ್ಪೆಲ್ಲಿಂಗ್ ಹೀಗಾ? ನಾನು ಕೊನೆಗೆ ವೈ ಅಂತ ತಿಳ್ಕೊಂಡಿದ್ದೆ.”

ಅಷ್ಟೂ ವರ್ಷ ಅವರು ಅದನ್ನು ಕನ್ನಡದಲ್ಲಿ ಮಾತ್ರ ಬರೆದಿದ್ದರು. ಅಮ್ಮ ಹಾಳೆಯನ್ನು ನೋಡಿ ನನ್ನ ಮುಖ ನೋಡಿದಳು.

“ಈಗ್ ಎಂತಕ್ ಇದೆಲ್ಲ?” ಎಂದಳು.

ನನಗೂ ಗೊತ್ತಿರಲಿಲ್ಲ. ಅಪ್ಪ ಹಿಗ್ಗುತ್ತಾರೆ, ಹಾಳೆಯನ್ನು ಪಬ್ಬಿಗೆ ಒಯ್ಯುತ್ತಾರೆ, ಅಲ್ಲಿಗೆ ಎಲ್ಲ ಸರಿಹೋಗುತ್ತದೆ ಎಂದು ಕಲ್ಪಿಸಿಕೊಂಡಿದ್ದೆ. ಅಪ್ಪ ಹಾಳೆಯನ್ನು ಸಾರು ತಾಗದ ಹಾಗೆ ಪಕ್ಕಕ್ಕೆ ಸರಿಸಿ ಅನ್ನ ಕಲಸತೊಡಗಿದರು.

“ಅಪ್ಪ, ನಾನು ಹೇಳಿದ್ದು ತಪ್ಪು,” ಎಂದೆ. “ಅದು ಇಂಗ್ಲಿಷೇ.”

“ನನಗೆ ಗೊತ್ತಿತ್ತಲ್ಲ ಮಗಾ. ಇಂಗ್ಲಿಷರ ಬಾಯಿಂದಲೇ ಕೇಳಿದ್ದು, ಅದು ಇಂಗ್ಲಿಷ್ ಅಲ್ಲದೆ ಮತ್ತೆಂತ?”

“ಗೊತ್ತಿದ್ದೂ ಆ ದಿನ ನೋ ಸರ್ ಅಂದ್ರಾ?”

ಅಪ್ಪ ಅಮ್ಮನ ಕಡೆ ಒಮ್ಮೆ ನೋಡಿದರು. ಅಮ್ಮ ಏನನ್ನೂ ತಡೆಯಲಿಲ್ಲ.

“ಎಸ್ ಅಂದಿದ್ರೆ ಅವನಿಗೆ ಖುಷಿ ಆಗ್ತಿತ್ತು. ಮುಖ ನೋಡಿಯೇ ಗೊತ್ತಾಯ್ತು ನನಗೆ. ಆದರೆ ಮನೆಗೆ ಬಂದ ಮೇಲೆ ನೀನು ಒಂದೊಂದಾಗಿ ಕೇಳ್ತಿ ಅಂತ ಹೇಳಿದ್ದಿ ಅಲ್ವಾ. ಹಾರ್ಗಿ ಟೈಮ್ ಅಂದೆ ಅಂತ ನಿನಗೆ ಹೇಗೆ ಹೇಳುದು? ನಿನ್ನನ್ನು ಎಣಿಸಿ ಹೆದರಿಕೆ ಆಯ್ತು. ಬಾಯಿಗೆ ನೋ ಬಂತು.”

ಅದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ಕುಡಿದು ಗಲಾಟೆ ಮಾಡುವ ಆರಡಿಯ ಗಿರಾಕಿಗಳನ್ನು ಭುಜ ತಟ್ಟಿ ಟ್ಯಾಕ್ಸಿ ಹತ್ತಿಸುತ್ತಿದ್ದ ಮನುಷ್ಯ, ಆ ಹೋಟೆಲಿನ ಮೇಲಿನವರ ಎದುರು ಕುಳಿತು, ಮನೆಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಗೆ ಹೆದರಿದ್ದರು. ನಾನು ಅಷ್ಟು ವರ್ಷ ಸೂಪರ್‌ವೈಸರ್ ಕೆಲಸ ಹೋದದ್ದಕ್ಕೆ, ಪ್ಯಾಡು ಕೊಟ್ಟದ್ದಕ್ಕೆ, ನಮ್ಮ ಊಟದ ಮೇಜು ಮೂಗಾದದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದೆ. ಈ ಒಂದು ಸಂಗತಿ ಮಾತ್ರ ನನಗೆ ಹೊಳೆದಿರಲಿಲ್ಲ. ತಟ್ಟೆಯ ಮುಂದೆ ಕೈಕಟ್ಟಿ ಕುಳಿತೆ. ಅಮ್ಮ ನನಗೆ ಅನ್ನ ಬಡಿಸಿದಳು. ಅಪ್ಪ ತಮ್ಮ ತಟ್ಟೆಯ ಬಂಗುಡೆಯ ಮುಳ್ಳು ಬಿಡಿಸಿ, ನಡುವಿನ ತುಂಡನ್ನು ನನ್ನ ಅನ್ನದ ಮೇಲೆ ಇಟ್ಟರು. ನಾನು ಅದನ್ನೂ ಮುಟ್ಟದೆ ಕೂತದ್ದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಬ್ಯಾಂಕಿನಲ್ಲೋ ಶಾಲೆಯಲ್ಲೋ ದೊಡ್ಡವರ ಹತ್ತಿರ ಮಾತಾಡುವಾಗಿನ ತಗ್ಗಿದ ದನಿಯಲ್ಲಿ ಕೇಳಿದರು:

“ಸಿಟ್ಟು ಬಂತಾ ಮಗಾ?”